ಸುಂಕದವನ ಮುಂದೆ ಸುಖದುಃಖ



"ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ" ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಾರರು. ಮಳೆ ಬಂದು ಮಾಲು ತೊಯ್ದಿದೆ ಎಂದರೂ ಅವನು ಕೇಳುವುದಿಲ್ಲ, ಬೋಣಿಯೇ ಆಗಿಲ್ಲ ಎಂದರೂ ಕೇಳುವುದಿಲ್ಲ. ಚೀಟಿ ಹರಿದು ಕೈಗೆ ಕೊಟ್ಟು, ರೊಕ್ಕ ಎಣಿಸಿಕೊಂಡು ಮುಂದಕ್ಕೆ ಹೋಗುತ್ತಾನೆ. ಇವತ್ತು ನಾನು ನಿಮ್ಮ ಮುಂದೆ ಹೇಳಬೇಕೆಂದಿರುವುದು ಆ ಚೀಟಿಯ ಚರಿತ್ರೆಯನ್ನು. ನಾನು ಮೆಟ್ರಿಕ್‌ವರೆಗೆ ಓದಿದವನು, ಪಂಡಿತನಲ್ಲ. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನವೆಲ್ಲ ಚೀಟಿ, ರಸೀದಿ, ಅರ್ಜಿಗಳ ನಡುವೆಯೇ ಕಳೆದವನು. ಆದ್ದರಿಂದ ಈ ವಿಷಯದಲ್ಲಿ ಎರಡು ಮಾತು ಹೇಳುವ ಧೈರ್ಯ ಮಾಡಿದ್ದೇನೆ.

ಸಂತೆಯ ನೆಲದ ಮೇಲೆ ಕೂತು ಮಾರುವವರಿಂದ ತೆಗೆದುಕೊಳ್ಳುವ ಈ ಹಣಕ್ಕೆ ಗಡಿಯ ಒಂದೊಂದು ಕಡೆ ಒಂದೊಂದು ಹೆಸರು. ನಮ್ಮ ಆದವಾನಿ, ರಾಯದುರ್ಗದ ಸೀಮೆಯಲ್ಲಿ ತೆಲುಗಿನವರು ಅದನ್ನು ಆಶೀಲು ಎನ್ನುತ್ತಾರೆ. ತೆಲಂಗಾಣದ ಕಡೆ ತೈಬಜಾರ್ ಎನ್ನುತ್ತಾರೆ. ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಭುಯಿಭಾಡೆ. ಹೊಸೂರು, ತಾಳವಾಡಿಯ ಕಡೆ ತಮಿಳಿನಲ್ಲಿ ಸುಂಗಂ. ಗೋವೆಯಲ್ಲಿ ಸೋಪೊ. ಇವುಗಳಲ್ಲಿ ತೈಬಜಾರ್ ಎಂಬುದು ಪಾರಸಿಯ ತಹಬಜಾರಿ ಎಂಬ ಮಾತಿನ ರೂಪ. ತಹ ಎಂದರೆ ತಳ, ನೆಲ. ಭುಯಿಭಾಡೆ ಎಂದರೂ ನೆಲದ ಬಾಡಿಗೆಯೇ. ಹೆಸರಿನಲ್ಲಿ ನೆಲವಿದೆ. ಆದರೆ ಬಾಡಿಗೆ ಕೊಟ್ಟವನಿಗೆ ನೆಲದ ಮೇಲೆ ಏನು ಹಕ್ಕಿತ್ತು? ನೂರೈವತ್ತು ವರ್ಷಗಳ ಕಾಲ ಏನೂ ಇರಲಿಲ್ಲ. ಸುಂಕದ ಚೀಟಿ ಬೇರೆ, ಲೈಸೆನ್ಸ್ ಬೇರೆ ಎಂಬ ಒಂದು ಮಾತಿನಲ್ಲೇ ಈ ಚರಿತ್ರೆಯೆಲ್ಲ ಅಡಗಿದೆ.

ಸುಂಕವೇನೂ ಹೊಸದಲ್ಲ. ನಮ್ಮ ಸೀಮೆಯ ಹಳೆಯ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಸುಂಕವೆರ್ಗಡೆ ಎಂಬ ಅಧಿಕಾರಿ ಇದ್ದ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕ ವಸೂಲಿಯನ್ನೇ ಕಾಯಕವಾಗಿ ಮಾಡಿಕೊಂಡಿದ್ದ ಸುಂಕದ ಬಂಕಣ್ಣನೂ ಒಬ್ಬ. ಎಲೆಯ ಹೇರಿಗೆ ಇಷ್ಟು, ಅಡಿಕೆಯ ಹೇರಿಗೆ ಇಷ್ಟು ಎಂದು ಗೊತ್ತುಮಾಡಿ, ಆ ಸುಂಕವನ್ನು ದೇವಾಲಯದ ನಂದಾದೀಪಕ್ಕೋ ಕೆರೆಯ ಕೆಲಸಕ್ಕೋ ಬಿಟ್ಟುಕೊಟ್ಟ ಶಾಸನಗಳು ಬಹಳ. ಇಲ್ಲಿ ಒಂದು ಒಳ್ಳೆಯದನ್ನು ನಾವು ಗಮನಿಸಬೇಕು. ಕೊಟ್ಟ ಸುಂಕ ಯಾವ ಕೆಲಸಕ್ಕೆ ಹೋಗುತ್ತದೆ ಎಂಬುದನ್ನು ಕಲ್ಲಿನಲ್ಲಿ ಕೊರೆದು ಊರ ಮುಂದೆ ನಿಲ್ಲಿಸುತ್ತಿದ್ದರು. ದಾನ ಮಾಡಿದ ಅಧಿಕಾರಿಯ ಹೆಸರೂ ಅಲ್ಲಿದೆ. ಸೊಪ್ಪು ಮಾರಿ ಸುಂಕ ಕೊಟ್ಟವಳ ಹೆಸರು ಮಾತ್ರ ಅಲ್ಲಿಯೂ ಇಲ್ಲ.

ಇನ್ನು ಕಂಪನಿ ಸರಕಾರದ ಕಾಲಕ್ಕೆ ಬರೋಣ. ಬಳ್ಳಾರಿ ಸೀಮೆಯನ್ನು ನಿಜಾಮನು 1800ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲ ಎಂದು ಹೆಸರಾದ ಈ ನಾಡಿಗೆ ಥಾಮಸ್ ಮನ್ರೋ 1807ರವರೆಗೆ ಕಲೆಕ್ಟರನಾಗಿದ್ದ. ಆಗ ಮೊಹತರ್ಫಾ ಎಂಬ ತೆರಿಗೆ ಇತ್ತು. ಮಗ್ಗ, ಅಂಗಡಿ, ಕೈಕಸುಬು ಎಲ್ಲವೂ ಅದರ ಲೆಕ್ಕಕ್ಕೆ ಬರುತ್ತಿದ್ದವು. ಬಡವರ ಮೇಲೆ ಭಾರವಾದ ಈ ತೆರಿಗೆ 1861ರಲ್ಲಿ ರದ್ದಾಯಿತು. ಜನ ನಿಟ್ಟುಸಿರು ಬಿಟ್ಟು ನಾಲ್ಕು ವರ್ಷವಾಗಿತ್ತಷ್ಟೆ, 1865ರಲ್ಲಿ ಮದ್ರಾಸ್ ಪ್ರಾಂತದಲ್ಲಿ ಪಟ್ಟಣಗಳ ಸುಧಾರಣೆಯ ಕಾಯಿದೆ ಬಂತು. ಅದೇ ವರ್ಷ ಆದವಾನಿಯಲ್ಲಿ ಮುನ್ಸಿಪಾಲಿಟಿ ಆಯಿತು. ಮರುವರ್ಷ, 1866ರಲ್ಲಿ, ನೀಲಗಿರಿಯ ಉದಕಮಂಡಲದಲ್ಲಿ ಆಯಿತು. ಬೊಂಬಾಯಿ ಪ್ರಾಂತದ ಸೊಲ್ಲಾಪುರದಲ್ಲಿ ಇದಕ್ಕೂ ಮುಂಚೆಯೇ, 1852ರಲ್ಲಿ, ಮುನ್ಸಿಪಾಲಿಟಿ ಸ್ಥಾಪನೆಯಾಗಿತ್ತು.

ಮುನ್ಸಿಪಾಲಿಟಿ ಬಂದದ್ದರಿಂದ ಕೇಡೇ ಆಯಿತು ಎಂದು ನಾನು ಹೇಳುವುದಿಲ್ಲ. ಚರಂಡಿ, ಬೀದಿದೀಪ, ಕುಡಿಯುವ ನೀರು, ದೇವಿ ಹಾಕುವುದು ಇವೆಲ್ಲ ಅದರಿಂದಲೇ ನಡೆದವು. ಇವಕ್ಕೆಲ್ಲ ಹಣ ಬೇಕು. 1882ರಲ್ಲಿ ರಿಪ್ಪನ್ ಸಾಹೇಬರು ಸ್ಥಳೀಯ ಆಡಳಿತವನ್ನು ಊರವರ ಕೈಗೇ ಕೊಡಬೇಕೆಂದು ನಿರ್ಣಯ ಮಾಡಿದರು. ಅದರ ಫಲವಾಗಿ ಮದ್ರಾಸ್ ಪ್ರಾಂತದಲ್ಲಿ 1884ರಲ್ಲಿ ಪಟ್ಟಣಗಳಿಗೆ ಒಂದು, ಹಳ್ಳಿಗಾಡಿಗೆ ಒಂದು ಎಂದು ಎರಡು ಕಾಯಿದೆಗಳಾದವು. 1920ರಲ್ಲಿ ಅವನ್ನು ತೆಗೆದು ಹೊಸದಾಗಿ ಎರಡು ಕಾಯಿದೆ ತಂದರು. ಆದವಾನಿ, ರಾಯದುರ್ಗ, ಮಡಕಶಿರಾ, ಹೊಸೂರು, ತಾಳವಾಡಿ, ನೀಲಗಿರಿ, ವಯನಾಡು, ಕಾಸರಗೋಡು ಇವೆಲ್ಲವೂ ಆಗ ಒಂದೇ ಮದ್ರಾಸಿನ ಅಡಿಯಲ್ಲಿದ್ದವು. ಆದ್ದರಿಂದ ನಮ್ಮೆಲ್ಲರ ಸಂತೆಗಳಿಗೂ ಮೂಲ ಪಾಠ ಒಂದೇ.

ಆ ಪಾಠದ ಪ್ರಕಾರ ಮಾರುವವರಲ್ಲಿ ಮೂರು ತರದವರು. ಮುನ್ಸಿಪಾಲಿಟಿ ಕಟ್ಟಿಸಿದ ಮಾರ್ಕೆಟ್ಟಿನ ಒಳಗೆ ಮಳಿಗೆ ಹಿಡಿದವನು ಮೊದಲನೆಯವನು. ಅವನಿಗೆ ಬಾಡಿಗೆ ಕರಾರು ಉಂಟು, ಪುಸ್ತಕದಲ್ಲಿ ಹೆಸರುಂಟು. ಎರಡನೆಯವನು ತನ್ನ ಸ್ವಂತ ಜಾಗದಲ್ಲಿ ಖಾಸಗಿ ಸಂತೆ ನಡೆಸುವವನು. ಅವನು ಕೌನ್ಸಿಲಿನಿಂದ ಲೈಸೆನ್ಸ್ ಪಡೆಯಬೇಕು. ಮೂರನೆಯವರು ಗೋಣಿತಟ್ಟು ಹಾಸಿಕೊಂಡು ನೆಲದ ಮೇಲೆ ಕೂರುವವರು, ಬುಟ್ಟಿ ಹೊತ್ತು ಬೀದಿ ಸುತ್ತುವವರು. ಇವರಿಗೆ ಕರಾರೂ ಇಲ್ಲ, ಲೈಸೆನ್ಸೂ ಇಲ್ಲ. ಬೀದಿ ಇರುವುದು ಜನ ನಡೆಯುವುದಕ್ಕೆ, ವ್ಯಾಪಾರಕ್ಕಲ್ಲ ಎಂಬುದು ಕಾಯಿದೆಯ ನಂಬಿಕೆ. ಹಾಗಾದರೆ ಇವರಿಂದ ದುಡ್ಡು ಏಕೆ ತೆಗೆದುಕೊಳ್ಳುತ್ತಿದ್ದರು ಎಂದು ನೀವು ಕೇಳಬಹುದು. ಕೂತದ್ದಕ್ಕೆ ಶುಲ್ಕ, ಅಷ್ಟೆ. ಆ ದಿನ ಸೂರ್ಯ ಮುಳುಗಿದ ಮೇಲೆ ಆ ಚೀಟಿಗೆ ಬೆಲೆಯಿಲ್ಲ.

ಈ ಶುಲ್ಕವನ್ನು ಸಹ ಬಹಳ ಕಡೆ ಮುನ್ಸಿಪಾಲಿಟಿಯವರು ತಾವೇ ಎತ್ತಲಿಲ್ಲ. ವರ್ಷಕ್ಕೊಮ್ಮೆ ಗುತ್ತಿಗೆಗೆ ಕೊಡುವ ಪದ್ಧತಿ ಬಂತು. ನಾವು ಹರಾಜು ಎನ್ನುತ್ತೇವೆ, ಸೊಲ್ಲಾಪುರದವರು ಲಿಲಾವು ಎನ್ನುತ್ತಾರೆ, ತಮಿಳು ನಾಡಿನ ಕಡೆ ಏಲಂ, ತೆಲುಗಿನಲ್ಲಿ ವೇಲಂ. ಇದರ ಲೆಕ್ಕವನ್ನು ಬ್ಯಾಂಕಿನವನಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಊರಿನ ಸಂತೆ ಲಕ್ಷ ರೂಪಾಯಿಗೆ ಹರಾಜಾಯಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ ಐವತ್ತೆರಡು ವಾರ. ವಾರಕ್ಕೆ ಹತ್ತಿರ ಹತ್ತಿರ ಎರಡು ಸಾವಿರ ರೂಪಾಯಿ ಎತ್ತಿದರೆ ಗುತ್ತಿಗೆದಾರನ ಅಸಲು ಬಂತು. ಆಳಿನ ಕೂಲಿ, ಕಟ್ಟಿದ ಹಣದ ಬಡ್ಡಿ, ಅವನ ಲಾಭ ಇವೆಲ್ಲ ಅದರ ಮೇಲೆ. ಮಳೆ ಬಂದು ಎರಡು ಸಂತೆ ಕೆಟ್ಟರೆ ಆ ನಷ್ಟವನ್ನು ಮೂರನೆಯ ಸಂತೆಯಲ್ಲೇ ಎತ್ತಬೇಕು. ಬೋರ್ಡಿನ ಮೇಲೆ ಬುಟ್ಟಿಗೆ ಇಷ್ಟು ಎಂದು ಬರೆದಿದ್ದರೂ ಅವನ ಆಳು ಇನ್ನಷ್ಟು ಕೇಳುವುದಕ್ಕೆ ಕಾರಣ ಇದೇ. ಕೌನ್ಸಿಲಿನ ಠರಾವಿನಲ್ಲಿ ಮೊತ್ತ ಇರುತ್ತದೆ, ಗುತ್ತಿಗೆದಾರನ ಹೆಸರಿರುತ್ತದೆ. ಕೂತು ಮಾರುವವರ ಹೆಸರು ಮಾತ್ರ ಇರುವುದಿಲ್ಲ. ಸುಖದುಃಖ ಯಾರ ಮುಂದೆ ಹೇಳಿಕೊಳ್ಳಬೇಕು?

ಆಮೇಲೆ ಗಡಿಗಳು ಬಂದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಮೈಸೂರಿಗೆ ಹೋಯಿತು. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆಂಧ್ರದಲ್ಲಿ ಉಳಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಎತ್ತಿನ ಗಾಡಿಗಳು ಹಳೆಯ ದಾರಿಯಲ್ಲೇ ಹಳೆಯ ಸಂತೆಗಳಿಗೆ ಹೋಗುತ್ತಲೇ ಇದ್ದವು. ಕಾಯಿದೆಯ ಪುಸ್ತಕಗಳು ಮಾತ್ರ ಬದಲಾದವು. ಕೇರಳಕ್ಕೆ 1960ರಲ್ಲಿ, ಮೈಸೂರಿಗೆ 1964ರಲ್ಲಿ, ಆಂಧ್ರಕ್ಕೂ ಮಹಾರಾಷ್ಟ್ರಕ್ಕೂ 1965ರಲ್ಲಿ ಬೇರೆ ಬೇರೆ ಮುನ್ಸಿಪಲ್ ಕಾಯಿದೆಗಳಾದವು. ಹೀಗಾಗಿ ಸೋಮವಾರ ಒಂದು ರಾಜ್ಯದ ಸಂತೆಯಲ್ಲಿ, ಗುರುವಾರ ಇನ್ನೊಂದು ರಾಜ್ಯದ ಸಂತೆಯಲ್ಲಿ ಬಳೆ ಮಾರುವವನಿಗೆ ಎರಡು ಭಾಷೆಯ ಎರಡು ಚೀಟಿ ಸಿಗತೊಡಗಿದವು. ಒಂದನ್ನು ಓದಬಲ್ಲ, ಇನ್ನೊಂದನ್ನು ಓದಲಾರ. ಓದಿದರೂ ಎರಡರಲ್ಲೂ ಬರೆದದ್ದು ಒಂದೇ: ಹಣ ಸಂದಿದೆ.

ಇಲ್ಲಿ ನನ್ನ ಒಂದು ಅನುಭವವನ್ನು ಹೇಳಬೇಕು. ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ.

1980ರ ದಶಕದಲ್ಲಿ ಗಡಿಯ ಒಂದು ಪಟ್ಟಣದ ಶಾಖೆಯಲ್ಲಿ ನಾನು ಹೊಸದಾಗಿ ಗುಮಾಸ್ತನಾಗಿದ್ದೆ. ತೀರ ಬಡವರಿಗೆ ನೂರಕ್ಕೆ ವರ್ಷಕ್ಕೆ ನಾಲ್ಕು ರೂಪಾಯಿ ಬಡ್ಡಿಯಲ್ಲಿ ಸಾಲ ಕೊಡುವ ಯೋಜನೆಯೊಂದು 1972ರಿಂದಲೇ ಬ್ಯಾಂಕುಗಳಲ್ಲಿ ಇತ್ತು. ಅದನ್ನು ಕೇಳಿಕೊಂಡು ಒಬ್ಬ ಮುದುಕಿ ಬಂದಳು. ಸೊಪ್ಪು, ಹಸಿಮೆಣಸಿನಕಾಯಿ ಮಾರುವವಳು. ಪಕ್ಕದ ಹಳ್ಳಿಯಿಂದ ದಿನವೂ ನಸುಕಿನಲ್ಲಿ ಬರುವವಳು. ವ್ಯಾಪಾರಕ್ಕೆ ಪುರಾವೆ ಏನಿದೆ ಎಂದು ನಾನು ಕೇಳಿದೆ. ಅವಳು ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದು ಕೌಂಟರಿನ ಮೇಲೆ ಬಿಚ್ಚಿದಳು. ಒಳಗೆ ಬರೀ ಸುಂಕದ ಚೀಟಿಗಳು. ನಾಲ್ಕಾಣೆ ಚೀಟಿ, ಎಂಟಾಣೆ ಚೀಟಿ. ಕೆಂಪು, ಹಳದಿ, ಬಿಳಿ. ಕೆಲವು ಬೆವರಿಗೆ ಅಕ್ಷರವೆಲ್ಲ ಅಳಿಸಿಹೋಗಿದ್ದವು.

"ಅವ್ವಾ, ಇವು ಲೈಸೆನ್ಸ್ ಅಲ್ಲ" ಅಂದೆ.

"ಯಪ್ಪಾ, ಇಪ್ಪತ್ತು ವರ್ಷದಿಂದ ದಿನಾ ರೊಕ್ಕ ಕಟ್ಟೀನಿ. ರೊಕ್ಕ ತಗೊಂಡೋರಿಗೆ ನಾನು ಯಾರಂತ ಗೊತ್ತಿಲ್ಲೇನು?" ಅಂದಳು.

ಅವಳನ್ನು ಪುರಸಭೆಯ ಕಚೇರಿಗೆ ಕಳಿಸಿದೆವು. ಅವರು ನೆಲದ ಮೇಲೆ ಕೂರುವವರಿಗೆ ಲೈಸೆನ್ಸ್ ಕೊಡುವ ಪದ್ಧತಿ ಇಲ್ಲ ಎಂದು ಹೇಳಿ ಕಳಿಸಿದರು. ಅರ್ಜಿಯ ಮೇಲೆ "ಲೈಸೆನ್ಸ್ ಇಲ್ಲ" ಎಂದು ಷರಾ ಬರೆದವನು ನಾನೇ. ಮೇಲಿನವರು ಅದಕ್ಕೆ ಸಹಿ ಹಾಕಿದರು. ಅವಳು ಚೀಟಿಗಳನ್ನೆಲ್ಲ ಒಂದೊಂದಾಗಿ ಜೋಡಿಸಿ ಮತ್ತೆ ಗಂಟು ಕಟ್ಟಿಕೊಂಡು ಹೋದಳು. ಕೆಲವು ವರ್ಷಗಳ ಮೇಲೆ ರಸ್ತೆ ಅಗಲ ಮಾಡಿದಾಗ ಅವಳು ಕೂರುತ್ತಿದ್ದ ಜಾಗವೂ ಹೋಯಿತು. ಅಂಗಡಿಗಳವರಿಗೆ ನೋಟೀಸು ಕೊಟ್ಟಿದ್ದರು. ಇವಳಿಗೆ ಯಾವ ಹೆಸರಿಗೆ, ಯಾವ ನಂಬರಿಗೆ ನೋಟೀಸು ಕೊಡುವುದು? ನಾನು ನಿಯಮ ತಪ್ಪಲಿಲ್ಲ. ಆದರೂ ಆ ಷರಾ ಬರೆದ ಕೈ ನನ್ನದೇ ಎಂಬುದನ್ನು ಮರೆಯಲು ಆಗಿಲ್ಲ.

ಆ ಮುದುಕಿ ಕೇಳಿದ ಪ್ರಶ್ನೆಯೇ ಬೇರೆ ಊರುಗಳಿಂದ ಸುಪ್ರೀಂ ಕೋರ್ಟಿನ ಮುಂದೆ ಹೋಗಿತ್ತು ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. 1985ರಲ್ಲಿ ಬೊಂಬಾಯಿಯ ಬೀದಿ ವ್ಯಾಪಾರಿಗಳ ಯೂನಿಯನ್ನಿನ ಮೊಕದ್ದಮೆಯಲ್ಲಿ, ಊರಿನ ಯಾವ ಭಾಗದಲ್ಲಿ ಮಾರಬಹುದು, ಯಾವ ಭಾಗದಲ್ಲಿ ಮಾರಬಾರದು ಎಂದು ವಿಂಗಡಿಸುವ ದಾರಿಯನ್ನು ಕೋರ್ಟು ಹೇಳಿತು. 1989ರಲ್ಲಿ ದಿಲ್ಲಿಯ ಸೋದನ್ ಸಿಂಗ್ ಮೊಕದ್ದಮೆಯ ತೀರ್ಪು ಬಂತು. ಜನಪಥ್ ಓಣಿಯ ಕಾಲುದಾರಿಯ ಮೇಲೆ ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಜಾಗದಲ್ಲಿ, ತಹಬಜಾರಿ ಶುಲ್ಕ ಕಟ್ಟಿ ಸಿದ್ಧ ಉಡುಪು ಮಾರುತ್ತಿದ್ದೆ ಎಂದು ಅರ್ಜಿದಾರ ಹೇಳಿಕೊಂಡಿದ್ದ. ನೋಡಿ, ಅಲ್ಲಿಯೂ ಅದೇ ಚೀಟಿ.

ಐವರು ನ್ಯಾಯಾಧೀಶರ ಪೀಠ ಎರಡು ಮಾತು ಹೇಳಿತು. ಬೀದಿ ಇರುವುದು ನಡೆಯುವುದಕ್ಕೆ ಮಾತ್ರ ಎಂಬ ಕಾರಣ ಕೊಟ್ಟು ಬೀದಿ ವ್ಯಾಪಾರವನ್ನು ಪೂರ್ತಿ ಇಲ್ಲ ಎನ್ನುವಂತಿಲ್ಲ, ನಿಯಮಕ್ಕೆ ಒಳಪಟ್ಟ ವ್ಯಾಪಾರ ಸಂವಿಧಾನದ 19ನೆಯ ವಿಧಿ ಕೊಟ್ಟ ಹಕ್ಕಿನೊಳಗೇ ಬರುತ್ತದೆ ಎಂಬುದು ಮೊದಲನೆಯದು. ಆದರೆ ಇಂಥ ಜಾಗವೇ ನನಗೆ ಬೇಕು ಎಂದು ಯಾರೂ ಹಕ್ಕು ಸಾಧಿಸುವಂತಿಲ್ಲ ಎಂಬುದು ಎರಡನೆಯದು. ಎರಡೂ ನ್ಯಾಯದ ಮಾತುಗಳೇ. ಬೀದಿ ವ್ಯಾಪಾರಿಯದೂ ಹೊಟ್ಟೆ, ನಡೆಯುವವನದೂ ಕಾಲು. ಬಾಡಿಗೆ, ತೆರಿಗೆ ಕಟ್ಟಿ ಅಂಗಡಿ ಇಟ್ಟವನ ಬಾಗಿಲು ಮುಚ್ಚಿ ಬಂಡಿ ನಿಲ್ಲಿಸಿದರೆ ಅವನೂ ಸಂಕಟಪಡುತ್ತಾನೆ. ಹೆರಿಗೆಗೆ ಹೋಗುವ ಗಾಡಿಗೆ ದಾರಿ ಸಿಗದಿದ್ದರೆ ಆ ತಪ್ಪಿನಲ್ಲಿ ನಮಗೂ ಪಾಲಿದೆ. ಆದರೆ ಈ ಹಂಚಿಕೆಯನ್ನು ಮಾಡುವವರು ಯಾರು? ಅಲ್ಲಿ ವ್ಯಾಪಾರಿಗೆ ಮಾತಾಡಲು ಅವಕಾಶ ಉಂಟೇ? ಇದು ಬಾಕಿ ಉಳಿಯಿತು.

ಇದಕ್ಕೆ ಉತ್ತರ ಬರಲು ಇನ್ನೂ 25 ವರ್ಷ ಬೇಕಾಯಿತು. 2004ರಲ್ಲಿ ಕೇಂದ್ರ ಸರಕಾರ ಬೀದಿ ವ್ಯಾಪಾರಿಗಳ ಬಗ್ಗೆ ರಾಷ್ಟ್ರೀಯ ನೀತಿ ತಂದಿತು, 2009ರಲ್ಲಿ ಅದನ್ನು ತಿದ್ದಿತು. 2010ರಲ್ಲಿ ಸುಪ್ರೀಂ ಕೋರ್ಟು, ನೀತಿ ಸಾಲದು, ಕಾಯಿದೆಯೇ ಬೇಕು ಎಂದು ಗಡುವು ಕೊಟ್ಟಿತು. ಕೊನೆಗೆ ಪಾರ್ಲಿಮೆಂಟು ಮಾಡಿದ ಬೀದಿ ವ್ಯಾಪಾರಿಗಳ ಕಾಯಿದೆ 2014ರ ಮೇ 1ರಂದು ಜಾರಿಗೆ ಬಂತು. ಅದೇ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು. ಗಡಿ ಮತ್ತೊಮ್ಮೆ ಬದಲಾಯಿತು, ಆದರೆ ಈ ಸಲ ಚೀಟಿಯ ಅರ್ಥವೂ ಬದಲಾಯಿತು.

ಆ ಕಾಯಿದೆಯಲ್ಲಿರುವುದನ್ನು ನೇರವಾಗಿ ಹೇಳುತ್ತೇನೆ, ಗಮನವಿಟ್ಟು ಕೇಳಿ. ಪ್ರತಿ ಪಟ್ಟಣದಲ್ಲಿ ಐದು ವರ್ಷಕ್ಕೆ ಒಮ್ಮೆಯಾದರೂ ಬೀದಿ ವ್ಯಾಪಾರಿಗಳ ಗಣತಿ ಆಗಬೇಕು. ಗಣತಿಯಾಗಿ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸಬಾರದು. ಊರಿನ ಜನಸಂಖ್ಯೆಯ ನೂರಕ್ಕೆ ಎರಡೂವರೆಯ ಮಿತಿಯೊಳಗೆ ವ್ಯಾಪಾರಿಗಳಿಗೆ ಜಾಗ ಕಾಣಿಸಬೇಕು. ಲಕ್ಷ ಜನರ ಊರಾದರೆ 2,500 ಮಂದಿಯವರೆಗೆ. ಸ್ಥಳಾಂತರ ಮಾಡುವುದಿದ್ದರೆ 30 ದಿನ ಮುಂಚೆ ನೋಟೀಸು ಕೊಡಬೇಕು. ಮಾಲು ಜಪ್ತಿ ಮಾಡಿದರೆ ಪಟ್ಟಿ ಬರೆದು ಕೊಡಬೇಕು. ಕೊಳೆಯುವ ಮಾಲನ್ನು ಕೇಳಿದ ದಿನವೇ, ಕೊಳೆಯದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂದಿರುಗಿಸಬೇಕು. ವ್ಯಾಪಾರಿ ತೀರಿಕೊಂಡರೆ ಗಂಡನೋ ಹೆಂಡತಿಯೋ ಅವಲಂಬಿತ ಮಕ್ಕಳೋ ಆ ಪ್ರಮಾಣಪತ್ರದ ಮೇಲೆ ವ್ಯಾಪಾರ ಮುಂದುವರಿಸಬಹುದು. ಆದರೆ ಅದನ್ನು ಬಾಡಿಗೆಗೆ ಕೊಡುವಂತಿಲ್ಲ.

ಎಲ್ಲಕ್ಕಿಂತ ದೊಡ್ಡದು ಪಟ್ಟಣ ವ್ಯಾಪಾರ ಸಮಿತಿ. ಅದರ ಸದಸ್ಯರಲ್ಲಿ ನೂರಕ್ಕೆ ನಲವತ್ತಕ್ಕೆ ಕಡಮೆಯಿಲ್ಲದಷ್ಟು ಮಂದಿ ಬೀದಿ ವ್ಯಾಪಾರಿಗಳೇ ಇರಬೇಕು, ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು, ಅವರಲ್ಲಿ ಮೂರರಲ್ಲಿ ಒಂದು ಪಾಲು ಹೆಂಗಸರಿರಬೇಕು. ಅಂದರೆ ಸುಂಕದವನ ಮುಂದೆ ಹೇಳಿಕೊಂಡು ಪ್ರಯೋಜನವಿಲ್ಲದ ಸುಖದುಃಖವನ್ನು ಹೇಳಿಕೊಳ್ಳಲು ಕಾಯಿದೆ ಒಂದು ಕುರ್ಚಿ ಹಾಕಿಕೊಟ್ಟಿದೆ.

2020ರಲ್ಲಿ, ನನ್ನ ನೌಕರಿಯ ಕೊನೆಯ ವರ್ಷ, ಕೊರೊನಾದಿಂದ ಸಂತೆಗಳು ನಿಂತುಹೋಗಿದ್ದವು. ಜೂನ್ 1ರಂದು ಬೀದಿ ವ್ಯಾಪಾರಿಗಳಿಗೆ 10,000 ರೂಪಾಯಿ ಸಾಲದ ಸ್ವನಿಧಿ ಯೋಜನೆ ಬಂತು. ಗಣತಿಯಲ್ಲಿ ಬಿಟ್ಟುಹೋದವರಿಗೂ, ಸುತ್ತಲ ಹಳ್ಳಿಗಳಿಂದ ಬಂದು ಪಟ್ಟಣದಲ್ಲಿ ಮಾರುವವರಿಗೂ ಪುರಸಭೆ ಶಿಫಾರಸು ಪತ್ರ ಕೊಡಬಹುದಾಗಿತ್ತು. ಒಂದು ಬೆಳಿಗ್ಗೆ ಬಾಳೆಹಣ್ಣು ಮಾರುವ ಹೆಂಗಸೊಬ್ಬಳು ಅಂಥ ಪತ್ರ ಹಿಡಿದು ನನ್ನ ಕೌಂಟರಿಗೆ ಬಂದಳು. ಹಳೆಯ ಮುದುಕಿಗೂ ಇವಳಿಗೂ ಏನೂ ಸಂಬಂಧವಿಲ್ಲ. ಪತ್ರದಲ್ಲಿ ಅವಳ ಹೆಸರಿತ್ತು, ಅವಳು ಮಾರುವ ಮಾಲಿತ್ತು, ಕೂರುವ ಜಾಗವಿತ್ತು. ನಾನು ಆ ಹಾಳೆಯನ್ನು ಎರಡು ಸಲ ಓದಿದೆ. ಸಾಲ ಮಂಜೂರಾಯಿತು. ಮೂವತ್ತು ಚಿಲ್ಲರೆ ವರ್ಷಗಳ ಹಿಂದೆ ಈ ಹಾಳೆ ಇದ್ದಿದ್ದರೆ ನಾನು ಆ ಷರಾ ಬರೆಯುತ್ತಿರಲಿಲ್ಲ ಎಂದುಕೊಂಡೆ. 2025ರಲ್ಲಿ ಈ ಯೋಜನೆಯನ್ನು 2030ರ ಮಾರ್ಚ್‌ವರೆಗೆ ವಿಸ್ತರಿಸಿ, ಮೊದಲ ಸಾಲವನ್ನು 15,000 ರೂಪಾಯಿಗೆ ಏರಿಸಿದ್ದಾರೆ.

ಹಾಗೆಂದು ಎಲ್ಲವೂ ನೆಟ್ಟಗಾಯಿತು ಎಂದು ತಿಳಿಯಬೇಡಿ. ಈ ಕಾಯಿದೆ ಇರುವುದು ಪಟ್ಟಣ, ನಗರಗಳಿಗೆ. ಹಳ್ಳಿಯ ಪಂಚಾಯಿತಿ ನಡೆಸುವ ವಾರದ ಸಂತೆಗೆ ಇದು ನೇರವಾಗಿ ಬರುವುದಿಲ್ಲ. ಅಲ್ಲಿ ಹಳೆಯ ಹರಾಜು, ಹಳೆಯ ಚೀಟಿಯೇ ಗತಿ. ಪಟ್ಟಣದಲ್ಲಿಯೂ ಗಣತಿಯ ದಿನ ಜಾಗದಲ್ಲಿ ಇಲ್ಲದವನ ಹೆಸರು ಬಿಟ್ಟುಹೋಗಬಹುದು. ನಮ್ಮಂಥ ಗಡಿಯವರಿಗೆ ಇನ್ನೊಂದು ತೊಡಕು. ನೋಟೀಸು ತೆಲುಗಿನಲ್ಲೋ ಮರಾಠಿಯಲ್ಲೋ ತಮಿಳಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಮಾತು ಬಂದರೂ ಓದು ಬರುವುದಿಲ್ಲ. ಹೆಸರು ಒಂದು ಕಾರ್ಡಿನಲ್ಲಿ ಒಂದು ತರ, ಇನ್ನೊಂದರಲ್ಲಿ ಇನ್ನೊಂದು ತರ ಬಿದ್ದು ಅರ್ಜಿ ತಿರುಗಿ ಬರುವುದನ್ನು ನಾನೇ ಕೌಂಟರಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಆದ್ದರಿಂದ ಗುಮಾಸ್ತನಾದ ನನ್ನ ಬುದ್ಧಿಮಾತು ಇಷ್ಟೇ. ಸುಂಕದ ಚೀಟಿಯನ್ನು ಬಿಸಾಡಬೇಡಿ. ತಾರೀಕಿನ ಪ್ರಕಾರ ಜೋಡಿಸಿ, ನೀರು ತಾಗದಂತೆ ಇಡಿ. ಅದು ಲೈಸೆನ್ಸ್ ಅಲ್ಲ, ಆದರೆ ನೀವು ಅಲ್ಲಿ ಕೂತಿದ್ದಿರಿ ಎಂಬುದಕ್ಕೆ ಸಾಕ್ಷಿ. ಗಣತಿಗೆ ಬಂದವರ ಮುಂದೆ ಆಧಾರ್ ಕಾರ್ಡಿನಲ್ಲಿ ಇದ್ದ ಹಾಗೆಯೇ ಹೆಸರು ಬರೆಸಿ. ಬೋರ್ಡಿನಲ್ಲಿ ಬರೆದ ದರಕ್ಕಿಂತ ಹೆಚ್ಚು ಕೇಳಿದರೆ ಕೇಳಿದಷ್ಟಕ್ಕೂ ಚೀಟಿ ಕೊಡು ಎನ್ನಿ. ವ್ಯಾಪಾರ ಸಮಿತಿಯ ಚುನಾವಣೆಯಾದರೆ ಒಂದು ದಿನದ ವ್ಯಾಪಾರ ಹೋದರೂ ಹೋಗಲಿ, ಓಟು ಹಾಕಿ. ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಪುರಸಭೆಯ ನೋಟೀಸನ್ನು ಅವರಿಂದ ಓದಿಸಿಕೊಳ್ಳಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ರಾಜ್ಯದ ಭಾಷೆ ಎರಡನ್ನೂ ಕಲಿಯುವ ನಮ್ಮ ಮಕ್ಕಳು ಈ ಕೆಲಸಕ್ಕೆ ಒದಗದಿದ್ದರೆ ಎರಡು ಭಾಷೆ ಇದ್ದು ಏನು ಫಲ?

ಆ ಮುದುಕಿ ಈಗ ಇರಲಾರಳು. ಅವಳ ಗಂಟಿನಲ್ಲಿದ್ದ ಚೀಟಿಗಳು ಎಲ್ಲಿ ಹೋದವೋ. ರೊಕ್ಕ ತೆಗೆದುಕೊಂಡವರಿಗೆ ನಾನು ಯಾರೆಂದು ಗೊತ್ತಿಲ್ಲವೇ ಎಂದು ಅವಳು ನನ್ನನ್ನು ಕೇಳಿದ್ದಳು. ಕೌನ್ಸಿಲಿನ ಪುಸ್ತಕದಲ್ಲಿ ಮೊತ್ತದ ಪಕ್ಕದಲ್ಲಿ ಹೆಸರನ್ನೂ ಬರೆದ ದಿನ ಆ ಪ್ರಶ್ನೆಗೆ ಉತ್ತರ ಕೊಟ್ಟ ಹಾಗೆ. ಕೆಲವು ಊರುಗಳಲ್ಲಿ ಆ ಉತ್ತರ ಬಂದಿದೆ. ನಿಮ್ಮ ಊರಿನಲ್ಲಿ ಬಂದಿದೆಯೇ ಎಂದು ನಾಳೆ ಸಂತೆಗೆ ಹೋದಾಗ ವಿಚಾರಿಸಿ.